ಏಕಹಳಿ ಗ್ರಾಮೀಣ ರೈಲು ಮಾರ್ಗದಲ್ಲಿ ಸಾಮರ್ಥ್ಯ ಮತ್ತು ಸಿಗ್ನಲ್ ಸುಧಾರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಿನದ ಬಹುಪಾಲು ಹಳಿ ಖಾಲಿಯೇ ಕಾಣುತ್ತದೆ. ಆದರೂ ಇನ್ನೊಂದು ರೈಲಿಗೆ ಜಾಗವಿಲ್ಲ ಎನ್ನುತ್ತಾರೆ. ಇದು ನಿಜವೇ?

ಬಹುತೇಕ ನಿಜ. ಒಂದೇ ಹಳಿಯಿರುವ ಮಾರ್ಗದಲ್ಲಿ ಎದುರುಬದುರು ಬರುವ ರೈಲುಗಳು ಒಂದನ್ನೊಂದು ದಾಟುವುದು ಲೂಪ್ ಲೈನ್ (ಮೇನ್ ಹಳಿಯಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಪಕ್ಕದ ಹಳಿ) ಇರುವ ಸ್ಟೇಷನ್‌ಗಳಲ್ಲಿ ಮಾತ್ರ. ಎರಡು ಸ್ಟೇಷನ್‌ಗಳ ನಡುವಿನ ಹಳಿಗೆ ಬ್ಲಾಕ್ ಸೆಕ್ಷನ್ ಎನ್ನುತ್ತಾರೆ. ಅದು 18 ಕಿ.ಮೀ. ಉದ್ದವಿದ್ದರೂ ಒಂದು ಹೊತ್ತಿಗೆ ಅಲ್ಲಿ ಒಂದೇ ರೈಲು ಇರಬೇಕು. ಆ ರೈಲು ಮುಂದಿನ ಸ್ಟೇಷನ್ ಸೇರುವವರೆಗೆ ಎದುರಿನ ರೈಲು ಕಾಯಲೇಬೇಕು. ಹೊಲದ ಬದುವಿನಲ್ಲಿ ನಿಂತವರಿಗೆ ಖಾಲಿಯಾಗಿ ಕಾಣುವ ಹಳಿ, ಲೆಕ್ಕದ ಪ್ರಕಾರ ಅರ್ಧ ಗಂಟೆಯಿಂದ ಯಾವುದೋ ರೈಲಿಗೆ ಮೀಸಲಾಗಿರುತ್ತದೆ.

ಹೀಗಾಗಿ ಮಾರ್ಗದ ಸಾಮರ್ಥ್ಯ ಎಂದರೆ ಅದರ ಅತಿ ನಿಧಾನದ ಬ್ಲಾಕ್ ಸೆಕ್ಷನ್‌ನ ಸಾಮರ್ಥ್ಯ. ಉಳಿದ ಹತ್ತು ಸೆಕ್ಷನ್‌ಗಳನ್ನು ಎಷ್ಟೇ ಚೆನ್ನಾಗಿಟ್ಟರೂ ಈ ಒಂದು ಸೆಕ್ಷನ್ ಬಿಟ್ಟುಕೊಟ್ಟಷ್ಟೇ ರೈಲುಗಳು ಓಡುತ್ತವೆ.

ಸಾಮರ್ಥ್ಯವನ್ನು ಲೆಕ್ಕ ಹಾಕುವುದು ಹೇಗೆ?

ಮೊದಲ ಅಂದಾಜಿಗೆ ಭಾರತೀಯ ರೈಲ್ವೆಯಲ್ಲಿ ಬಳಕೆಯಲ್ಲಿರುವ ಸ್ಕಾಟ್ ಸೂತ್ರ ಸಾಕು. ದಿನದ 1440 ನಿಮಿಷಗಳನ್ನು ಎರಡು ಸಮಯಗಳ ಮೊತ್ತದಿಂದ ಭಾಗಿಸಬೇಕು. ಒಂದು, ಅತಿ ನಿಧಾನದ ರೈಲು ಆ ಸೆಕ್ಷನ್ ದಾಟಲು ತೆಗೆದುಕೊಳ್ಳುವ ಸಮಯ. ಇನ್ನೊಂದು, ಲೈನ್ ಕ್ಲಿಯರ್ (ಮುಂದಿನ ಸ್ಟೇಷನ್ನಿನ ಒಪ್ಪಿಗೆ) ಪಡೆದು, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಪಾಯಿಂಟ್ ತಿರುಗಿಸಿ, ಸಿಗ್ನಲ್ ಕೊಡುವ ಬ್ಲಾಕ್ ಕಾರ್ಯಾಚರಣೆಯ ಸಮಯ. ಬಂದ ಉತ್ತರವನ್ನು ದಕ್ಷತೆಯ ಅಂಶದಿಂದ, ಸಾಮಾನ್ಯವಾಗಿ 0.7ರಿಂದ, ಗುಣಿಸಬೇಕು. ಸಿಗುವುದು ಎರಡೂ ದಿಕ್ಕಿನ ಒಟ್ಟು ರೈಲುಗಳ ಸಂಖ್ಯೆ.

ಒಂದು ಮಾರ್ಗವನ್ನು ಊಹಿಸಿಕೊಳ್ಳಿ. ನಾಲ್ಕು ಸ್ಟೇಷನ್, ನಡುವೆ 9, 18 ಮತ್ತು 13 ಕಿ.ಮೀ. ಸೆಕ್ಷನ್‌ಗಳು. ನಿಧಾನದ ಗೂಡ್ಸ್ ರೈಲಿನ ವೇಗ ಗಂಟೆಗೆ 45 ಕಿ.ಮೀ., ನಿಲ್ಲಲು ಮತ್ತು ಹೊರಡಲು 4 ನಿಮಿಷ, ಬ್ಲಾಕ್ ಕಾರ್ಯಾಚರಣೆಗೆ 7 ನಿಮಿಷ. 18 ಕಿ.ಮೀ. ಸೆಕ್ಷನ್‌ಗೆ 24, 4, 7 ಸೇರಿ 35 ನಿಮಿಷ. 1440ನ್ನು 35ರಿಂದ ಭಾಗಿಸಿ 0.7ರಿಂದ ಗುಣಿಸಿದರೆ 28.8, ಅಂದರೆ ಪೂರ್ತಿ 28 ರೈಲು.

ಈಗ ಸುಧಾರಣೆಗಳನ್ನು ಒಂದೊಂದಾಗಿ ಇದರ ಮೇಲೆ ಇಟ್ಟು ನೋಡಿ. ಬರೀ ಬ್ಲಾಕ್ ಉಪಕರಣವನ್ನು (ಲೈನ್ ಕ್ಲಿಯರ್ ಕೊಡುವ ಯಂತ್ರ) ಬದಲಿಸಿ 7 ನಿಮಿಷವನ್ನು 3ಕ್ಕೆ ಇಳಿಸಿದರೆ 32 ರೈಲು. ಸಿಗ್ನಲ್ ಮುಟ್ಟದೆ, ಆ ಒಂದು ಸೆಕ್ಷನ್‌ನಲ್ಲಿ ವೇಗ ಮಿತಿಗಳನ್ನು ತೆಗೆದು ಗೂಡ್ಸ್ ವೇಗವನ್ನು 60ಕ್ಕೆ ಏರಿಸಿದರೆ 34. 18 ಕಿ.ಮೀ. ಸೆಕ್ಷನ್‌ನ ನಡುವೆ ಹೊಸ ಕ್ರಾಸಿಂಗ್ ಸ್ಟೇಷನ್ ಕಟ್ಟಿದರೆ 35. ಸ್ಟೇಷನ್ ಕಟ್ಟಿ, ಬ್ಲಾಕ್ ಉಪಕರಣವನ್ನೂ ಬದಲಿಸಿದರೆ 41.

ಹೊಸ ಸ್ಟೇಷನ್ ಕಟ್ಟಿದ ಮೇಲೂ ಸಾಮರ್ಥ್ಯ ಇಮ್ಮಡಿಯಾಗದೆ 35ಕ್ಕೇ ನಿಂತಿತಲ್ಲ? ಈಗ 13 ಕಿ.ಮೀ. ಸೆಕ್ಷನ್ ಅತಿ ನಿಧಾನದ್ದಾಗಿದೆ, ಅದೇ ಕಾರಣ. ಒಂದು ಗಂಟು ಬಿಚ್ಚಿದರೆ ಮುಂದಿನ ಗಂಟು ಬಿಗಿಯುತ್ತದೆ. ಈ ಎರಡನೇ ಗಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನಾ ವರದಿಗಳು ಕೊಟ್ಟ ಮಾತನ್ನು ಉಳಿಸಿಕೊಳ್ಳುವುದಿಲ್ಲ.

0.7 ಏಕೆ? ಪೂರ್ತಿ 1440 ನಿಮಿಷ ಬಳಸಬಾರದೇ?

ಹಳಿ ನಿರ್ವಹಣೆಗೆ ದಿನಾ ಬಿಡುವು ಬೇಕು. ರೈಲುಗಳು ಲೆಕ್ಕದಂತೆ ಸಮಾನ ಅಂತರದಲ್ಲಿ ಬರುವುದಿಲ್ಲ. ಒಂದು ರೈಲು ತಡವಾದರೆ ಆ ತಡವನ್ನು ನುಂಗಲು ಖಾಲಿ ಜಾಗ ಇರಬೇಕು. 0.9 ಹಾಕಿ ಲೆಕ್ಕ ತೋರಿಸಿದರೆ ಕಾಗದದಲ್ಲಿ ರೈಲು ಹೆಚ್ಚುತ್ತವೆ. ಹಳಿಯ ಮೇಲೆ ಹೆಚ್ಚುವುದು ಕಾಯುವಿಕೆ.

ಹೊಸ ಕ್ರಾಸಿಂಗ್ ಸ್ಟೇಷನ್ ಸರಿಯಾಗಿ ನಡುವಿನಲ್ಲೇ ಇರಬೇಕೇ?

ದೂರದಲ್ಲಿ ನಡುವೆ ಅಲ್ಲ, ಸಮಯದಲ್ಲಿ ನಡುವೆ. ಒಂದು ಅರ್ಧದಲ್ಲಿ ಏರು ಅಥವಾ ತಿರುವು ಹೆಚ್ಚಿದ್ದರೆ, ಹೋಗುವ ರೈಲಿನ ಸಮಯ ಮತ್ತು ಬರುವ ರೈಲಿನ ಸಮಯ ಎರಡನ್ನೂ ಕೂಡಿ, ಆ ಮೊತ್ತ ಎರಡೂ ಬದಿಗೆ ಹೆಚ್ಚುಕಡಿಮೆ ಸಮನಾಗುವ ಜಾಗ ಹುಡುಕಬೇಕು.

ಆ ಜಾಗ ಸಿಕ್ಕ ಮೇಲೆ ನೆಲ ಒಪ್ಪಬೇಕು. ಭಾರತೀಯ ರೈಲ್ವೆಯಲ್ಲಿ ಸ್ಟೇಷನ್ ಯಾರ್ಡ್‌ನ ಇಳಿಜಾರು 400ಕ್ಕೆ 1ಕ್ಕಿಂತ ಕಡಿದಾಗಿರಬಾರದು, 1200ಕ್ಕೆ 1 ಇದ್ದರೆ ಒಳ್ಳೆಯದು. ನಿಂತ ವ್ಯಾಗನ್ ತಾನಾಗಿ ಉರುಳಬಾರದು, ತುಂಬಿದ ಗೂಡ್ಸ್ ನಿಂತಲ್ಲಿಂದ ಎಳೆದುಕೊಂಡು ಹೊರಡಲೂ ಬೇಕು. ಇನ್ನೊಂದು ವಿಷಯವನ್ನು ನಕ್ಷೆಯ ಹಂತದಲ್ಲೇ ನೋಡಿ: ಸ್ಟೇಷನ್ ಪ್ರವೇಶದ ಹೋಂ ಸಿಗ್ನಲ್‌ನಲ್ಲಿ ತಡೆದು ನಿಲ್ಲಿಸಿದ ರೈಲಿನ ಬಾಲ ಲೆವೆಲ್ ಕ್ರಾಸಿಂಗ್ ಮೇಲೆ ಬೀಳುತ್ತದೆಯೇ? ಬಿದ್ದರೆ ದಿನಕ್ಕೆ ಹಲವು ಸಲ ರಸ್ತೆ ಬಂದ್ ಆಗುತ್ತದೆ. ಕಾಂಕ್ರೀಟ್ ಹಾಕಿದ ಮೇಲೆ ಅದನ್ನು ಸರಿಪಡಿಸುವುದು ಬಹಳ ದುಬಾರಿ.

ಲೂಪ್ ಎಷ್ಟು ಉದ್ದವಿರಬೇಕು?

ಓಡಬೇಕಾದ ಅತಿ ಉದ್ದದ ರೈಲು ಎಂಜಿನ್ ಸಮೇತ ನಿಂತು, ನಿಲ್ಲಿಸುವಾಗಿನ ಹೆಚ್ಚುಕಡಿಮೆಗೂ ಜಾಗ ಉಳಿಯಬೇಕು. ಭಾರತದಲ್ಲಿ ಬಹಳ ಕಾಲ ಬಳಸಿದ ಅಳತೆ 686 ಮೀಟರ್. ರೈಲು ಲೂಪಿಗಿಂತ ಉದ್ದವಾದರೆ ಆ ಸ್ಟೇಷನ್ ಆ ರೈಲಿನ ಪಾಲಿಗೆ ಇಲ್ಲದಂತೆಯೇ. ಎರಡು ಸೆಕ್ಷನ್ ಸೇರಿ ಒಂದಾಗುತ್ತವೆ, ಮೇಲಿನ ಲೆಕ್ಕವೆಲ್ಲ ಕೆಡುತ್ತದೆ.

ಉದ್ದಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಲೂಪಿನ ಬಾಯಿಯ ಪಾಯಿಂಟ್. ರೈಲು ಪೂರ್ತಿ ಒಳಸೇರಲು 900 ಮೀಟರ್ ತೆವಳಬೇಕು ಎಂದುಕೊಳ್ಳಿ. ಗಂಟೆಗೆ 15 ಕಿ.ಮೀ. ಮಿತಿಯಿದ್ದರೆ ಅದಕ್ಕೆ 3.6 ನಿಮಿಷ, 30 ಇದ್ದರೆ 1.8 ನಿಮಿಷ. ಹೊರಡುವಾಗಲೂ ಇಷ್ಟೇ. ಒಂದು ಕ್ರಾಸಿಂಗ್‌ಗೆ ಮೂರೂವರೆ ನಿಮಿಷ ಉಳಿತಾಯ, ಅದೂ ಹೊಸ ಸಿಗ್ನಲ್ ಒಂದೂ ಇಲ್ಲದೆ. ಥಟ್ಟನೆ ಕವಲೊಡೆಯುವ 8.5ಕ್ಕೆ 1ರ ಪಾಯಿಂಟ್‌ಗಳನ್ನು ತೆಗೆದು ಬಾಗಿದ ಸ್ವಿಚ್‌ನ ನಿಧಾನವಾಗಿ ಕವಲೊಡೆಯುವ 12ಕ್ಕೆ 1ರ ಪಾಯಿಂಟ್ ಹಾಕುವುದು ಈ ಕಾರಣಕ್ಕೆ. ಆದರೆ ಲೂಪಿನ ಹಳಿ, ಸ್ಲೀಪರ್, ಜಲ್ಲಿಯೂ ಆ ವೇಗಕ್ಕೆ ತಕ್ಕಂತಿರಬೇಕು. ಮೇನ್ ಲೈನಿನಿಂದ ತೆಗೆದ ಹಳೆ ಹಳಿಯನ್ನು ಲೂಪಿಗೆ ಹಾಕಿ 15ರಲ್ಲೇ ಓಡಿಸಿದರೆ ಹೊಸ ಪಾಯಿಂಟ್‌ಗೆ ಸುರಿದ ಹಣ ದಂಡ.

ಎರಡೂ ಕಡೆಯಿಂದ ರೈಲುಗಳನ್ನು ಒಟ್ಟಿಗೆ ಒಳಗೆ ಬಿಟ್ಟುಕೊಳ್ಳಬಹುದೇ?

ಓವರ್‌ಲ್ಯಾಪ್ ಇದ್ದರೆ ಮಾತ್ರ. ಚಾಲಕ ನಿಲ್ಲಬೇಕಾದ ಸಿಗ್ನಲ್ ದಾಟಿ ಸ್ವಲ್ಪ ಮುಂದೆ ಹೋದರೂ ಅನಾಹುತವಾಗದಿರಲು ಬಿಡುವ ಖಾಲಿ ಹಳಿಯೇ ಓವರ್‌ಲ್ಯಾಪ್. ಭಾರತೀಯ ನಿಯಮಗಳಲ್ಲಿ ರೈಲನ್ನು ಸ್ಟೇಷನ್ ಒಳಕ್ಕೆ ಬಿಟ್ಟುಕೊಳ್ಳಲು ಹೊರಡಲು ಅನುಮತಿ ಕೊಡುವ ಸ್ಟಾರ್ಟರ್ ಸಿಗ್ನಲ್ ಆಚೆ ಬಹುಸೂಚನೆ ವ್ಯವಸ್ಥೆಯಲ್ಲಿ 120 ಮೀ., ಹಳೆಯ ಎರಡು ಸೂಚನೆಯ ವ್ಯವಸ್ಥೆಯಲ್ಲಿ 180 ಮೀ. ಬೇಕು. ಸಾಮಾನ್ಯ ಲೂಪಿನಲ್ಲಿ ಈ 120 ಮೀ. ಪಾಯಿಂಟ್ ದಾಟಿ ಎದುರಿನ ರೈಲು ಬರುವ ದಾರಿಯ ಮೇಲೇ ಬೀಳುತ್ತದೆ. ಹಾಗಾಗಿ ಒಂದು ರೈಲು ಹೊರಗಿನ ಸಿಗ್ನಲ್‌ನಲ್ಲಿ ಕಾಯುತ್ತದೆ.

ಪರಿಹಾರ ಎರಡು. ಲೂಪನ್ನು 120 ಮೀ. ಹೆಚ್ಚು ಉದ್ದ ಮಾಡಿ ಓವರ್‌ಲ್ಯಾಪನ್ನು ಲೂಪಿನೊಳಗೇ ಮುಗಿಸುವುದು, ಅಥವಾ ಲೂಪಿನ ತುದಿಯಲ್ಲಿ ಮರಳು ದಿಬ್ಬದ ಹಳಿಯನ್ನೋ ಬೇರೆಡೆಗೆ ತಿರುಗಿಸುವ ಕುರುಡು ಹಳಿಯನ್ನೋ ಹಾಕುವುದು. ಜಾಗವಿದ್ದರೆ ಮೊದಲನೆಯದೇ ವಾಸಿ. ಮರಳು ದಿಬ್ಬವನ್ನು ಪ್ರತಿ ಮಳೆಗಾಲದ ನಂತರ ನೋಡಿಕೊಳ್ಳಬೇಕು, ಹುಲ್ಲು ಬೆಳೆದು ಗಟ್ಟಿಯಾದ ಮರಳು ರೈಲನ್ನು ಹಿಡಿಯುವುದಿಲ್ಲ.

ಸ್ಟೇಷನ್‌ಗಳ ನಡುವೆ ಸಿಗ್ನಲ್ ಹೆಚ್ಚಿಸಿದರೆ ಸಾಮರ್ಥ್ಯ ಹೆಚ್ಚುವುದಿಲ್ಲವೇ?

ಒಂದರ ಹಿಂದೆ ಒಂದು, ಒಂದೇ ದಿಕ್ಕಿಗೆ ಓಡುವ ರೈಲುಗಳಿಗೆ ಮಾತ್ರ. ಎದುರಿನಿಂದ ಬರುವ ರೈಲಿಗೆ ನಡುವಿನ ಸಿಗ್ನಲ್‌ನಿಂದ ಲಾಭವಿಲ್ಲ, ದಾಟಲು ಎರಡನೇ ಹಳಿಯೇ ಇಲ್ಲವಲ್ಲ. ಜೋಡಿಹಳಿಯಲ್ಲಿ ಫಲ ಕೊಟ್ಟ ಉಪಾಯವನ್ನು ಏಕಹಳಿಗೆ ಹಾಗೇ ತರುವುದು ಇಲ್ಲಿನ ಅತಿ ಸಾಮಾನ್ಯ ತಪ್ಪು.

ಟೋಕನ್ ವ್ಯವಸ್ಥೆ ನೂರು ವರ್ಷ ಸುರಕ್ಷಿತವಾಗಿ ನಡೆದಿದೆ. ಬದಲಿಸಲೇಬೇಕೇ?

ಟೋಕನ್‌ನ ತತ್ವ ಗಟ್ಟಿಯಾದದ್ದು. ಸೆಕ್ಷನ್ ಪ್ರವೇಶಿಸಲು ಚಾಲಕನ ಕೈಯಲ್ಲಿ ಆ ಸೆಕ್ಷನ್‌ನ ಟೋಕನ್ ಇರಬೇಕು, ಎರಡೂ ತುದಿಯ ಯಂತ್ರಗಳಿಂದ ಒಂದು ಸಲಕ್ಕೆ ಒಂದೇ ಹೊರಬರುತ್ತದೆ. ಎಡ್ವರ್ಡ್ ಟಾಯರ್ 1878ರಲ್ಲಿ ರೂಪಿಸಿದ ವಿದ್ಯುತ್ ಟ್ಯಾಬ್ಲೆಟ್ ಯಂತ್ರ (ಟ್ಯಾಬ್ಲೆಟ್ ಎಂದರೆ ಬಿಲ್ಲೆಯ ರೂಪದ ಟೋಕನ್) ಇದೇ ತತ್ವದ್ದು. ದುರ್ಬಲ ಜಾಗವಿರುವುದು ಯಂತ್ರದಲ್ಲಲ್ಲ, ಯಂತ್ರ ಮತ್ತು ಚಾಲಕನ ಕೈ ನಡುವೆ. 1921ರ ಜನವರಿ 26ರಂದು ವೇಲ್ಸ್‌ನ ಆಬರ್‌ಮ್ಯೂಲ್‌ನಲ್ಲಿ, ಬಂದ ರೈಲು ಒಪ್ಪಿಸಿದ ಟ್ಯಾಬ್ಲೆಟ್ಟನ್ನೇ ಸಿಬ್ಬಂದಿ ಅದಲುಬದಲು ಗಡಿಬಿಡಿಯಲ್ಲಿ ಅದೇ ರೈಲಿಗೆ ವಾಪಸ್ ಕೊಟ್ಟರು. ಅದರ ಮೇಲೆ ಬರೆದಿದ್ದ ಸೆಕ್ಷನ್ ಹೆಸರನ್ನು ಯಾರೂ ಓದಲಿಲ್ಲ. ಎದುರಿನ ಎಕ್ಸ್‌ಪ್ರೆಸ್‌ಗೆ ಡಿಕ್ಕಿಯಾಗಿ 17 ಜನ ಸತ್ತರು. ಹೊರಡುವ ಸಿಗ್ನಲ್ಲನ್ನು ಟ್ಯಾಬ್ಲೆಟ್ ಯಂತ್ರದೊಂದಿಗೆ ಇಂಟರ್‌ಲಾಕ್ ಮಾಡಿದ್ದರೆ, ಅಂದರೆ ಒಂದು ಸರಿಯಿಲ್ಲದೆ ಇನ್ನೊಂದು ಕದಲದಂತೆ ಬೆಸೆದಿದ್ದರೆ, ಆ ಸಿಗ್ನಲ್ ಹೊರಡುವ ಸೂಚನೆ ಕೊಡುತ್ತಲೇ ಇರಲಿಲ್ಲ.

ದಿನಕ್ಕೆ ಆರೇಳು ರೈಲು ಓಡುವಲ್ಲಿ, ಸ್ಟಾರ್ಟರ್ ಸಿಗ್ನಲ್‌ಗೆ ಇಂಟರ್‌ಲಾಕ್ ಆಗಿರುವ ಟೋಕನ್ ಸಾಕು. ಇಪ್ಪತ್ತು ದಾಟಿದ ಮೇಲೆ ಟೋಕನ್ ವಿನಿಮಯಕ್ಕೆ ಪ್ರತಿ ಸ್ಟೇಷನ್‌ನಲ್ಲಿ ವೇಗ ತಗ್ಗಿಸುವುದೇ ದೊಡ್ಡ ನಷ್ಟವಾಗುತ್ತದೆ. ಆಗ ಹಾದುಹೋದ ಚಕ್ರದ ಅಚ್ಚುಗಳನ್ನು ಎಣಿಸುವ ಆಕ್ಸಲ್ ಕೌಂಟರ್ ಜೋಡಿಸಿದ ಟೋಕನ್‌ರಹಿತ ಬ್ಲಾಕ್‌ಗೆ ಹೋಗಬೇಕು.

ಟ್ರ್ಯಾಕ್ ಸರ್ಕ್ಯೂಟ್ ಒಳ್ಳೆಯದೋ, ಆಕ್ಸಲ್ ಕೌಂಟರ್ ಒಳ್ಳೆಯದೋ?

ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟ್ ಸರಳ. ಎರಡೂ ಹಳಿಗಳಲ್ಲಿ ಸಣ್ಣ ವಿದ್ಯುತ್ ಹರಿದು ಇನ್ನೊಂದು ತುದಿಯ ರಿಲೇ ಎಂಬ ವಿದ್ಯುತ್ ಸ್ವಿಚ್ಚನ್ನು ಎತ್ತಿ ಹಿಡಿದಿರುತ್ತದೆ. ರೈಲಿನ ಆಕ್ಸಲ್ ಎರಡು ಹಳಿಗಳನ್ನು ಬೆಸೆದ ತಕ್ಷಣ ರಿಲೇ ಬೀಳುತ್ತದೆ. ತಂತಿ ಕಡಿದರೂ, ಹಳಿ ತುಂಡಾದರೂ ಸಾಮಾನ್ಯವಾಗಿ ರಿಲೇ ಬಿದ್ದು ಸಿಗ್ನಲ್ ಕೆಂಪಾಗುತ್ತದೆ.

ಗ್ರಾಮೀಣ ಮಾರ್ಗದಲ್ಲಿ ಇದರ ಶತ್ರು ತುಕ್ಕು. ರೈಲು ಕಡಿಮೆ ಓಡುವಲ್ಲಿ ಹಳಿಯ ತಲೆ ಹೊಳೆಯುವುದಿಲ್ಲ, ಕಂದು ಪೊರೆ ಕಟ್ಟುತ್ತದೆ. ಹಗುರವಾದ ರೈಲ್‌ಕಾರ್‌ನ ಚಕ್ರ ಆ ಪೊರೆಯನ್ನು ಒಡೆದು ಲೋಹ ಮುಟ್ಟದಿದ್ದರೆ ರಿಲೇ ಬೀಳುವುದಿಲ್ಲ. ರೈಲು ನಿಂತಿದ್ದರೂ ಹಳಿ ಖಾಲಿ ಎಂದು ತೋರಿಸುತ್ತದೆ. ಇದು ಅಪಾಯದ ಕಡೆಗಿನ ದೋಷ. ಬ್ರಿಟನ್ನಿನಲ್ಲಿ ಹಗುರ ಡೀಸೆಲ್ ರೈಲುಗಳಿಗೆ ಟ್ರ್ಯಾಕ್ ಸರ್ಕ್ಯೂಟ್ ಕೆಲಸ ಮಾಡುವಂತೆ ನೆರವಾಗುವ ಸಾಧನವನ್ನೇ ಅಳವಡಿಸಬೇಕಾಯಿತು. ಮಳೆಗಾಲದಲ್ಲಿ ಇದರ ತದ್ವಿರುದ್ಧ ದೋಷ: ಕೆಸರು ತುಂಬಿದ ಜಲ್ಲಿಯ ಮೂಲಕ ಕರೆಂಟ್ ಸೋರಿ, ರೈಲಿಲ್ಲದಿದ್ದರೂ ರಿಲೇ ಬೀಳುತ್ತದೆ. ಕಾಂಕ್ರೀಟ್ ಸ್ಲೀಪರ್ ಮೇಲೆ ಕ್ಲಿಪ್ಪಿನಡಿ ಇರುವ ನೈಲಾನ್ ಲೈನರ್ ಕೆಲವು ಕಡೆ ಪುಡಿಯಾಗಿದ್ದರೂ ಇದೇ ಗತಿ.

ಆಕ್ಸಲ್ ಕೌಂಟರ್‌ಗೆ ತುಕ್ಕು, ಕೆಸರು ಯಾವುದೂ ಲೆಕ್ಕಕ್ಕಿಲ್ಲ. ಹಳಿಗೆ ಬಿಗಿದ ಸಂವೇದಕದ ಮೇಲೆ ಚಕ್ರ ಹಾದಾಗ ಕಾಂತಕ್ಷೇತ್ರ ಬದಲಾಗುತ್ತದೆ, ಅದನ್ನೇ ಎಣಿಸುತ್ತದೆ. 6 ಆಕ್ಸಲಿನ ಎರಡು ಎಂಜಿನ್, 4 ಆಕ್ಸಲಿನ 58 ವ್ಯಾಗನ್: ಒಟ್ಟು 244. ಆ ತುದಿಯಲ್ಲಿ 244 ಹೊರಬಂದರೆ ಸೆಕ್ಷನ್ ಖಾಲಿ. 240 ಬಂದರೆ ಒಂದು ವ್ಯಾಗನ್ ಹಿಂದೆಯೇ ಕಳಚಿ ಉಳಿದಿದೆ. ಕತ್ತಲಲ್ಲಿ, ಮಂಜಿನಲ್ಲಿ ಕೊನೆಯ ಬೋಗಿಯ ಫಲಕವನ್ನು ಕಣ್ಣಿಂದ ನೋಡಿ ಖಚಿತಪಡಿಸುವ ಕೆಲಸ ಇದರಿಂದ ತಪ್ಪುತ್ತದೆ. ಬ್ಲಾಕ್ ಕಾರ್ಯಾಚರಣೆಯ ಸಮಯ ಇಳಿಯುವುದೂ ಮುಖ್ಯವಾಗಿ ಇಲ್ಲಿಯೇ.

ಆದರೆ ತುಂಡಾದ ಹಳಿ ಅದಕ್ಕೆ ಕಾಣುವುದಿಲ್ಲ. ಆಕ್ಸಲ್ ಕೌಂಟರ್ ಬಂತೆಂದು ಹಳಿ ಗಸ್ತು ಮತ್ತು ಅಲ್ಟ್ರಾಸಾನಿಕ್ ಪರೀಕ್ಷೆ ಕಡಿಮೆ ಮಾಡುವಂತಿಲ್ಲ. ಉದ್ದದ ಬ್ಲಾಕ್ ಸೆಕ್ಷನ್‌ಗೆ ಆಕ್ಸಲ್ ಕೌಂಟರ್ ಹಾಕಿ ಎಂಬುದು ನಮ್ಮ ಸಲಹೆ.

ರೈಲು ಹೋಗಿದ್ದರೂ ಆಕ್ಸಲ್ ಕೌಂಟರ್ ಕೆಂಪು ತೋರಿಸುತ್ತಿದೆ. ಸುಮ್ಮನೆ ರಿಸೆಟ್ ಮಾಡಬಹುದೇ?

ಮಾಡಬಾರದು. ಎಣಿಕೆ ತಪ್ಪಿದೆಯೋ, ನಿಜಕ್ಕೂ ವ್ಯಾಗನ್ ಉಳಿದಿದೆಯೋ ಎಂದು ಯಂತ್ರಕ್ಕೆ ಗೊತ್ತಿಲ್ಲ, ಅದಕ್ಕೇ ಕೆಂಪು. ಸೆಕ್ಷನ್ ಖಾಲಿಯಿದೆ ಎಂದು ನಿಯಮದಂತೆ ಪರಿಶೀಲಿಸಿ ದಾಖಲಿಸಿದ ಮೇಲೆಯೇ ರಿಸೆಟ್. ಬ್ಲಾಕ್ ಸೆಕ್ಷನ್‌ನಲ್ಲಿ ಪೂರ್ವಸಿದ್ಧತಾ ರಿಸೆಟ್ ಇಡುವುದು ಸರಿ: ಗುಂಡಿ ಒತ್ತಿದ ಮೇಲೂ ಕೆಂಪೇ ಇರುತ್ತದೆ, ಒಂದು ರೈಲು ಎಚ್ಚರಿಕೆಯ ವೇಗದಲ್ಲಿ ಪೂರ್ತಿ ಹಾದು ಎಣಿಕೆ ತಾಳೆಯಾದ ನಂತರವೇ ಖಾಲಿ ಎನ್ನುತ್ತದೆ.

ಪದೇ ಪದೇ ಎಣಿಕೆ ತಪ್ಪುತ್ತಿದ್ದರೆ ಮೊದಲು ಸಂವೇದಕದ ಬೋಲ್ಟ್ ನೋಡಿ, ಆಮೇಲೆ ಹಳಿಯ ಸವೆತ, ಆಮೇಲೆ ಕೇಬಲ್ ಜೋಡಣೆಯ ಪೆಟ್ಟಿಗೆಯ ತೇವ. ಜಲ್ಲಿ ಬಡಿಯುವ ಟ್ಯಾಂಪಿಂಗ್ ಯಂತ್ರ ಬಂದ ಮರುದಿನ ದೋಷ ಶುರುವಾಗಿದ್ದರೆ ಕಾರಣ ಹುಡುಕುವುದೇ ಬೇಡ. ಯಂತ್ರ ಬರುವ ಮೊದಲು ಸಂವೇದಕ ಬಿಚ್ಚಿ, ಹೋದ ಮೇಲೆ ಅಳತೆ ನೋಡಿ ಮತ್ತೆ ಬಿಗಿಯುವ ಸಿಬ್ಬಂದಿ ಸ್ಥಳದಲ್ಲೇ ಇರಬೇಕು.

ಪಾಯಿಂಟ್ ಮಷೀನ್ ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ತಿರುಗಿತು ಎಂದರೆ ಸಾಲದು. ಸ್ವಿಚ್‌ನ ತುದಿಯಿಂದ 150 ಮಿ.ಮೀ. ಒಳಗೆ, ಸ್ವಿಚ್ (ಸರಿಯುವ ಹಳಿ) ಮತ್ತು ಸ್ಟಾಕ್ ರೈಲಿನ (ಅದು ಒರಗುವ ಸ್ಥಿರ ಹಳಿ) ನಡುವೆ 5 ಮಿ.ಮೀ. ದಪ್ಪದ ಲೋಹದ ತುಂಡಿಟ್ಟು ತಿರುಗಿಸಿ. ಮೋಟರ್ ಓಡುತ್ತದೆ, ಕ್ಲಚ್ ಜಾರುತ್ತದೆ, ಆದರೆ ಲಾಕ್ ಬೀಳಬಾರದು, ಸೂಚನೆ ಬರಬಾರದು. ಬಂದರೆ ಆ ಪಾಯಿಂಟ್ ಮೇಲೆ ರೈಲು ಬಿಡಬಾರದು. ಹೊರಗೆ ಕೆಟ್ಟಂತೆ ಕಾಣುವ ಮಷೀನ್‌ಗಳಲ್ಲಿ ಅನೇಕ ಸಲ ದೋಷ ಮಷೀನ್‌ದಲ್ಲ. ಸ್ವಿಚ್ ಜಾರುವ ತಟ್ಟೆಯ ಮೇಲಿನ ಜಲ್ಲಿಚೂರು, ಒಣಗಿದ ಗ್ರೀಸ್, ಕುಸಿದ ಸ್ಲೀಪರ್. ಸಿಗ್ನಲ್ ಮತ್ತು ಹಳಿ ವಿಭಾಗದವರು ಒಟ್ಟಿಗೆ ಬಂದು ನೋಡದೆ ಇದು ಬಗೆಹರಿಯುವುದಿಲ್ಲ.

ಕರೆಂಟ್ ಪದೇ ಪದೇ ಹೋಗುವ ಕಡೆ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ತಾಳಿಕೊಳ್ಳುತ್ತದೆಯೇ?

ಬ್ಯಾಟರಿ ಗಟ್ಟಿಯಿದ್ದರೆ ತಾಳಿಕೊಳ್ಳುತ್ತದೆ. 110 ವೋಲ್ಟ್‌ನ ವ್ಯವಸ್ಥೆಗೆ 2 ವೋಲ್ಟ್‌ನ 55 ಸೆಲ್ ಬೇಕು, ಅದರಲ್ಲಿ ಒಂದೇ ಸೆಲ್ ಸತ್ತರೂ ಇಡೀ ಸಾಲು ಸೊರಗುತ್ತದೆ. ಸೆಲ್‌ವಾರು ವೋಲ್ಟೇಜ್ ಬರೆದಿಡುವ ಪುಸ್ತಕ ಇಲ್ಲಿ ಬೆಲೆಬಾಳುವ ಉಪಕರಣ. ಆ ಸ್ಥಳದಲ್ಲಿ ಅತಿ ಹೆಚ್ಚು ಹೊತ್ತು ಕರೆಂಟ್ ಹೋದ ದಾಖಲೆ ನೋಡಿ ಬ್ಯಾಟರಿಯ ಅಳತೆ ನಿಶ್ಚಯಿಸಿ. ಸಿಡಿಲಿಗೆ ಭೂಸಂಪರ್ಕದ ರೋಧ 1 ಓಮ್ ದಾಟದಿರಲಿ, ಬೇಸಿಗೆಯ ಒಣ ನೆಲದಲ್ಲೇ ಅಳೆಯಿರಿ. ಕೇಬಲ್‌ನಲ್ಲಿ ಶೇ 20ರಷ್ಟು ಎಳೆಗಳು ಬಿಡಿಯಾಗಿರಲಿ. ಹಳಿಬದಿಯ ಪೆಟ್ಟಿಗೆಗಳ ಕೇಬಲ್ ರಂಧ್ರಗಳನ್ನು ಮುಚ್ಚದಿದ್ದರೆ ಇರುವೆ, ಇಲಿ, ಹಲ್ಲಿ ಒಳಸೇರುವುದು ಖಂಡಿತ.

ರೈಲು ಹೆಚ್ಚಾದರೆ ಲೆವೆಲ್ ಕ್ರಾಸಿಂಗ್ ಗತಿಯೇನು?

ಒಂದು ರೈಲಿಗೆ 5 ನಿಮಿಷ ಗೇಟ್ ಹಾಕಿದರೂ 28 ರೈಲಿಗೆ 140 ನಿಮಿಷ, 41 ರೈಲಿಗೆ 205 ನಿಮಿಷ. ಸುಮಾರು ಮೂರೂವರೆ ಗಂಟೆ ರಸ್ತೆ ಮುಚ್ಚಿರುತ್ತದೆ. ಕಾದು ಬೇಸತ್ತ ಜನ ಗೇಟ್ ನುಸುಳುತ್ತಾರೆ, ವಾಹನಗಳು ಗೇಟ್ ಮುರಿಯುತ್ತವೆ, ಮುರಿದ ಗೇಟ್‌ನಿಂದ ಸಿಗ್ನಲ್ ಕೆಂಪಾಗಿ ಗಳಿಸಿದ ಸಾಮರ್ಥ್ಯವೆಲ್ಲ ಅಲ್ಲೇ ಕಳೆದುಹೋಗುತ್ತದೆ. ಕೆಳಸೇತುವೆಯ ಖರ್ಚನ್ನು ಸಾಮರ್ಥ್ಯ ಯೋಜನೆಯೊಳಗೇ ಸೇರಿಸಬೇಕು. ಕೆಳಸೇತುವೆಯಲ್ಲಿ ಮಳೆನೀರು ಹೊರಹೋಗುವ ದಾರಿಯನ್ನು ಮೊದಲು ಬರೆದು, ಆಮೇಲೆ ಗೋಡೆಯ ನಕ್ಷೆ ಬರೆಯಿರಿ.

ಹಳೆಯ ಇಂಟರ್‌ಲಾಕಿಂಗ್‌ನಿಂದ ಹೊಸದಕ್ಕೆ ಹೋಗುವಾಗ ಎಲ್ಲಿ ತಪ್ಪಾಗುತ್ತದೆ?

ತಂತಿಯಲ್ಲಿ. ಯಾವ ಮಾರ್ಗಕ್ಕೆ ಯಾವ ಪಾಯಿಂಟ್ ಹೇಗಿರಬೇಕು, ಯಾವ ಹಳಿ ಖಾಲಿಯಿರಬೇಕು, ಯಾವ ಸಿಗ್ನಲ್ ಬರಬಾರದು ಎಂಬ ನಿಯಂತ್ರಣ ಪಟ್ಟಿಯನ್ನು ಒಬ್ಬರು ಬರೆದು ಮತ್ತೊಬ್ಬರು ಸ್ವತಂತ್ರವಾಗಿ ಪರಿಶೀಲಿಸುತ್ತಾರೆ. ಕಾರ್ಖಾನೆಯಲ್ಲಿ ಸಿಮ್ಯುಲೇಟರ್ ಮೇಲೆ ಪ್ರತಿ ಮಾರ್ಗ ಮತ್ತು ಅದಕ್ಕೆ ಎದುರಾಗುವ ಪ್ರತಿ ಮಾರ್ಗವನ್ನು ಪರೀಕ್ಷಿಸುತ್ತಾರೆ. ಈ ಹಂತಗಳಲ್ಲಿ ಸಾಮಾನ್ಯವಾಗಿ ಶಿಸ್ತಿರುತ್ತದೆ. ಕೊನೆಯ ರಾತ್ರಿ, ಹಳಿಬದಿಯ ಪೆಟ್ಟಿಗೆಯ ಮುಂದೆ ಟಾರ್ಚ್ ಹಿಡಿದು ತಂತಿ ಬದಲಿಸುವಾಗ ಶಿಸ್ತು ಸಡಿಲುತ್ತದೆ.

1988ರ ಡಿಸೆಂಬರ್ 12ರಂದು ಲಂಡನ್‌ನ ಕ್ಲಾಪಮ್ ಜಂಕ್ಷನ್ ಬಳಿ 35 ಜನರನ್ನು ಕೊಂದದ್ದು ಒಂದು ಹಳೆಯ ತಂತಿ. ಒಂದು ತುದಿ ಜೋಡಣೆಯಲ್ಲೇ ಉಳಿದಿತ್ತು. ಇನ್ನೊಂದು ತುದಿಯನ್ನು ಬಿಚ್ಚಿದ್ದರು, ಕತ್ತರಿಸಿರಲಿಲ್ಲ, ಸರಿಯಾಗಿ ಕಟ್ಟಿ ಭದ್ರಪಡಿಸಿರಲಿಲ್ಲ. ಅದು ತನ್ನ ಹಳೆಯ ಟರ್ಮಿನಲ್‌ಗೆ ತಾಗಿ, ಮುಂದೆ ರೈಲು ನಿಂತಿದ್ದರೂ ಸಿಗ್ನಲ್ ಕೆಂಪಾಗಲಿಲ್ಲ. ಆ ತಂತಿ ಕೆಲಸ ಮಾಡಿದ ತಂತ್ರಜ್ಞನಿಗೆ ಹಿಂದಿನ 13 ವಾರಗಳಲ್ಲಿ ಸಿಕ್ಕಿದ್ದು ಒಂದೇ ದಿನ ರಜೆ. ಸ್ವತಂತ್ರ ತಂತಿ ಎಣಿಕೆ ನಡೆದಿರಲಿಲ್ಲ. 2023ರ ಜೂನ್ 2ರಂದು ಬಾಲಸೋರ್ ಬಳಿಯ ಬಹಾನಗಾ ಬಜಾರ್‌ನಲ್ಲಿ ಮೇನ್ ಲೈನ್‌ಗೆ ಹಸಿರು ಸಿಕ್ಕ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪಿನಲ್ಲಿ ನಿಂತಿದ್ದ ಗೂಡ್ಸ್‌ಗೆ ಗುದ್ದಿತು. 290ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಗುರುತಿಸಿದ್ದು, ಹಿಂದೆ ಮಾಡಿದ್ದ ಸರ್ಕ್ಯೂಟ್ ಬದಲಾವಣೆಯ ಲೋಪ ಮತ್ತು ಲೆವೆಲ್ ಕ್ರಾಸಿಂಗ್ ಗೇಟ್ ಬದಲಿಸುವ ಕಾಮಗಾರಿಯಲ್ಲಿನ ಲೋಪ.

ಆದ್ದರಿಂದ ಇವುಗಳಲ್ಲಿ ರಾಜಿ ಬೇಡ. ಪೆಟ್ಟಿಗೆಯೊಳಗಿನ ನಕ್ಷೆ ಮತ್ತು ನಿಜವಾದ ತಂತಿ ಹೊಂದುತ್ತವೆಯೇ ಎಂದು ಕೆಲಸಕ್ಕೆ ಮೊದಲೇ ನೋಡಿ, ಹೊಂದದಿದ್ದರೆ ಕೆಲಸ ಶುರು ಮಾಡಬೇಡಿ. ಪ್ರತಿ ಟರ್ಮಿನಲ್‌ನಲ್ಲಿ ಎಷ್ಟು ತಂತಿ ಇರಬೇಕೋ ಅಷ್ಟೇ ಇವೆ ಎಂದು, ತಂತಿ ಹಾಕದ ಇನ್ನೊಬ್ಬ ವ್ಯಕ್ತಿ ಎಣಿಸಲಿ. ಬೇಡವಾದ ತಂತಿಯನ್ನು ಎರಡೂ ತುದಿಯಲ್ಲಿ ಬಿಚ್ಚಿ ಹೊರಗೆಳೆಯಿರಿ. ಕೊನೆಗೆ ತಾಳೆ ಪರೀಕ್ಷೆ: ಪ್ಯಾನೆಲ್‌ನಲ್ಲಿ ಪಾಯಿಂಟ್ ನೇರ ಎಂದು ತೋರಿಸುವಾಗ, ಹಳಿಯ ಪಕ್ಕ ನಿಂತವರು ಬ್ಲೇಡ್ ನೋಡಿ ನೇರ ಎಂದು ಹೇಳಬೇಕು. ಪ್ರತಿ ಪಾಯಿಂಟ್, ಪ್ರತಿ ಸ್ಥಿತಿ. ಗೇಟಿನಂಥ ಸಣ್ಣ ಕೆಲಸ ಮಾಡಿದ್ದರೂ ಇದು ಪೂರ್ತಿ ನಡೆಯಬೇಕು.

ಸಿಗ್ನಲ್ ಕಂಬಗಳೇ ಇಲ್ಲದ ರೇಡಿಯೊ ವ್ಯವಸ್ಥೆ ಗ್ರಾಮೀಣ ಮಾರ್ಗಕ್ಕೆ ಅಗ್ಗವಲ್ಲವೇ?

ಕೇಬಲ್, ಕಂಬ, ಪೆಟ್ಟಿಗೆ ಕಡಿಮೆಯಾಗುವುದರಿಂದ ಸೊಗಸಾಗಿ ಹೊಂದಬಹುದು. ವೇಲ್ಸ್‌ನ ಕೇಂಬ್ರಿಯನ್ ಮಾರ್ಗ 2011ರಿಂದ ಯುರೋಪಿನ ರೈಲು ನಿಯಂತ್ರಣ ವ್ಯವಸ್ಥೆಯ ಎರಡನೇ ಹಂತದಲ್ಲಿ ಓಡುತ್ತಿದೆ, ಅನುಮತಿ ನೇರ ಚಾಲಕನ ಪರದೆಗೆ ಬರುತ್ತದೆ. ಆದರೆ ಪ್ರತಿ ಎಂಜಿನ್‌ಗೂ ಉಪಕರಣ ಬೇಕು. ದೂರದ ಊರುಗಳಿಂದ ಬೇರೆ ಬೇರೆ ಎಂಜಿನ್ ಬಂದುಹೋಗುವ ಮಾರ್ಗದಲ್ಲಿ ಈ ಖರ್ಚೇ ಕಂಬದ ಉಳಿತಾಯವನ್ನು ಮೀರುತ್ತದೆ.

ದೋಷಗಳೂ ಬೇರೆ ಬಗೆಯವು. 2017ರ ಅಕ್ಟೋಬರ್ 20ರಂದು ಅದೇ ಮಾರ್ಗದಲ್ಲಿ, ಹಿಂದಿನ ರಾತ್ರಿ ಸಿಗ್ನಲ್ ಕಂಪ್ಯೂಟರ್ ಮರುಚಾಲನೆಯಾದ ಮೇಲೆ ತಾತ್ಕಾಲಿಕ ವೇಗ ಮಿತಿಗಳು ರೈಲುಗಳಿಗೆ ತಲುಪಲಿಲ್ಲ. ನಿಯಂತ್ರಣ ಪರದೆ ಮಾತ್ರ ಎಲ್ಲ ಸರಿಯಿದೆ ಎಂದು ತೋರಿಸುತ್ತಿತ್ತು. ಗಂಟೆಗೆ 30 ಕಿ.ಮೀ. ಮಿತಿಯಲ್ಲಿ ಒಂದು ರೈಲು ಸುಮಾರು 80ರಲ್ಲಿ ಹೋಯಿತು. ಅದನ್ನು ಗಮನಿಸಿ ತಿಳಿಸಿದ್ದು ಒಬ್ಬ ಚಾಲಕ. ಮರುಚಾಲನೆಯಾದ ಪ್ರತಿ ಸಲ, ತೆರೆಯ ಮೇಲಿನದನ್ನಲ್ಲ, ರೈಲಿಗೆ ತಲುಪಿದ್ದನ್ನು ಪರೀಕ್ಷಿಸುವ ವಿಧಾನವನ್ನು ಮೊದಲೇ ಬರೆದಿಡಬೇಕು.

ಕವಚ ಅಳವಡಿಸಿದರೆ ರೈಲು ಹೆಚ್ಚು ಓಡಿಸಬಹುದೇ?

ಕವಚ ಎಂಬ ಭಾರತೀಯ ರೈಲ್ವೆಯ ಸ್ವಯಂಚಾಲಿತ ರೈಲು ರಕ್ಷಣಾ ವ್ಯವಸ್ಥೆ ಕೆಂಪು ಸಿಗ್ನಲ್ ದಾಟುವುದನ್ನು ಮತ್ತು ವೇಗ ಮೀರುವುದನ್ನು ತಡೆದು ತಾನೇ ಬ್ರೇಕ್ ಹಾಕುತ್ತದೆ. ಅದಕ್ಕಾಗಿಯೇ ಅದು ಬೇಕು. ಮಂಜಿನಲ್ಲಿ ಸಿಗ್ನಲ್ ಎಂಜಿನ್ನಿನೊಳಗೇ ಕಾಣುವುದರಿಂದ ಕಳೆಯುವ ಸಮಯ ಉಳಿಯುತ್ತದೆ. ಅತಿ ನಿಧಾನದ ಸೆಕ್ಷನ್‌ನ ಉದ್ದ ಅದರಿಂದ ಕಡಿಮೆಯಾಗುವುದಿಲ್ಲ, ಕೆಳಗಿನ ಇಂಟರ್‌ಲಾಕಿಂಗ್‌ನ ತಪ್ಪು ತಂತಿಯನ್ನೂ ಅದು ತಿದ್ದಲಾರದು.

ಕಾಮಗಾರಿ ಮುಗಿಯಿತು. ಹೊಸ ರೈಲುಗಳನ್ನು ಯಾವಾಗ ಸೇರಿಸಬಹುದು?

ಹಳೆಯ ವೇಳಾಪಟ್ಟಿಯಲ್ಲೇ ಕನಿಷ್ಠ ಒಂದು ತಿಂಗಳು ಓಡಿಸಿ. ಪ್ರತಿ ಪಾಯಿಂಟ್, ಸಿಗ್ನಲ್, ಆಕ್ಸಲ್ ಕೌಂಟರ್ ಯಾವ ಕ್ಷಣ ಏನು ಮಾಡಿತು ಎಂಬುದು ಡೇಟಾ ಲಾಗರ್‌ನಲ್ಲಿ ಇರುತ್ತದೆ. ಅದರಿಂದ ಪ್ರತಿ ಸೆಕ್ಷನ್‌ನ ನಿಜವಾದ ಓಡುವ ಸಮಯ ಮತ್ತು ನಿಜವಾದ ಬ್ಲಾಕ್ ಸಮಯ ತೆಗೆಯಿರಿ. 3 ನಿಮಿಷ ಎಂದುಕೊಂಡದ್ದು 5 ಆಗಿದ್ದರೆ ಮೊದಲು ಅದರ ಕಾರಣ ಹುಡುಕಿ. ಸ್ಟೇಷನ್ ಮಾಸ್ಟರ್ ರೈಲು ಪೂರ್ತಿ ಬಂತೆಂದು ಹಳೆಯ ರೂಢಿಯಂತೆ ಪ್ಲಾಟ್‌ಫಾರ್ಮ್‌ಗೆ ಹೋಗಿ ನೋಡಿಬಂದ ಮೇಲೆಯೇ ಗುಂಡಿ ಒತ್ತುತ್ತಿರಬಹುದು. ಅದಕ್ಕೆ ಬೇಕಿರುವುದು ತರಬೇತಿ ಮತ್ತು ಲಿಖಿತ ಕಾರ್ಯನಿಯಮ. ಆಮೇಲೆ ಒಮ್ಮೆಗೆ ಎರಡೆರಡು ರೈಲು ಸೇರಿಸುತ್ತ, ಪ್ರತಿ ಸಲ ಅದೇ ಅಳತೆಯನ್ನು ಮತ್ತೆ ತೆಗೆದು ನೋಡಿ.